ಭದ್ರಾವತಿಯಲ್ಲಿ ನಾನು ಓನರ್

ನನಗೊಂದು ವಿಚಿತ್ರ ರೋಗವಿದೆ. ಶಿವಮೊಗ್ಗದಲ್ಲಿ ಬಸ್ಸು ಹತ್ತುವಾಗ ನಾನು ಕೋಟೆ ಏರಿಯಾದ ಒಂದು ಹಳೇ ಮನೆಯ ಬಾಡಿಗೆದಾರ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಹಡಿ ಮೇಲಿನ ಓನರಮ್ಮನ ಅಪ್ಪಣೆ ಬೇಕು. ಬಸ್ಸು ಮಾಚೇನಹಳ್ಳಿ ದಾಟಿತೆನ್ನಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಭದ್ರಾವತಿಯಲ್ಲಿ ಇಳಿಯುವ ಹೊತ್ತಿಗೆ ನಾನೇ ಓನರ್! ಅಲ್ಲಿ ನನ್ನದೊಂದು ಪುಟ್ಟ ಮನೆ ಇದೆ, ಬಾಡಿಗೆಗೆ ಕೊಡಲೆಂದೇ ಸಾಲ ಮಾಡಿ ಕೊಂಡದ್ದು.

ಇದಕ್ಕೆಲ್ಲ ಕಾರಣ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಸುರೇಶ. "ಇರೋಕೆ ಮನೆ ತಗೊಂಡೋನು ದಡ್ಡ, ಬಾಡಿಗೆಗೆ ಕೊಡೋಕೆ ತಗೊಂಡೋನು ಜಾಣ, ಮಾರಾಯ. ಶಿವಮೊಗ್ಗ ನಿನ್ನ ಕೈಗೆಟುಕಲ್ಲ, ಭದ್ರಾವತೀಲಿ ತಗೋ. ಸಾಲದ ಕಂತು ಬಾಡಿಗೇಲೇ ತೀರುತ್ತೆ" ಎಂದ. ನಾನು ಸಂಸ್ಕೃತದವನು; ಗಣಿತದವರು ಏನು ಹೇಳಿದರೂ ಮಂತ್ರವೆಂದು ನಂಬಿಬಿಡುತ್ತೇನೆ. ಹೆಂಡತಿ ಮಾತ್ರ, "ಗೆದ್ದಲು ಹುತ್ತ ಕಟ್ಟುತ್ತೆ, ಹಾವು ಬಂದು ಸೇರ್ಕೊಳ್ಳುತ್ತೆ. ನೋಡ್ತಿರಿ" ಎಂದಳು.

ಹಾವು ಬರಲಿಲ್ಲ, ಸೆಲ್ವಿಯಮ್ಮನ ಸಂಸಾರ ಬಂತು. ಗಂಡನಿಗೆ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಒಬ್ಬಳೇ ಮಗಳು, ಎಸ್ಸೆಸ್ಸೆಲ್ಸಿ. ಒಂದನೇ ತಾರೀಖು ತಪ್ಪದೆ ಬಾಡಿಗೆ ಬರುತ್ತಿತ್ತು. ಅಂಗಳದಲ್ಲಿ ಕನಕಾಂಬರ ಹೂ ಬಿಟ್ಟಿತ್ತು. ಓನರ್ ಆಗುವುದು ಇಷ್ಟು ಸಲೀಸೇ ಎಂದು ಬೀಗಿದೆ.

ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯಿತು. "ಬಾಡಿಗೆ ಏರಿಸು. ಒಪ್ಪದಿದ್ರೆ ಖಾಲಿ ಮಾಡ್ಸು, ಬೇರೆ ಪಾರ್ಟಿ ರೆಡಿ ಇದೆ" ಎಂದ ಸುರೇಶ. ಹೋದೆ. ಸೆಲ್ವಿಯಮ್ಮ ಕಾಫಿ ಕೊಟ್ಟು, "ಏರ್ಸಿ ಸಾರ್, ಬೇಡ ಅನ್ನಲ್ಲ. ಮಗಳ ಪರೀಕ್ಷೆ ಮುಗಿಯೋ ಗಂಟ ಮಾತ್ರ ತಡೀರಿ. ಟ್ಯೂಷನ್‌ಗೇ ಎಲ್ಲಾ ಹೋಗ್ತಾ ಐತೆ" ಎಂದರು. ಅವರದೇ ಕಾಫಿ ಕುಡಿಯುತ್ತಾ "ಆಗಲ್ಲಮ್ಮ" ಎಂದೆ.

ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು. ಹೊಗೆ ಕುಡಿಯುವವನೂ ಅವನೇ, ಕೈಯಿಂದ ಖರ್ಚು ಮಾಡುವವನೂ ಅವನೇ. ದಕ್ಷಿಣೆ ಮಾತ್ರ ಬೇರೆಯವರಿಗೆ. ಇದನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಮನೆ ಯಜಮಾನನಾದಾಗ ನೆನಪಾಗಬೇಕಲ್ಲ!

ವಾರದೊಳಗೆ ಅವರು ಮನೆ ಗುಡಿಸಿ, ಬೀಗದ ಕೈ ಕೊಟ್ಟು ಹೋದರು. "ನಮ್ಮ ಓನರಮ್ಮ ಹೀಗೆ ಮಾಡಿದ್ದಿದ್ರೆ ಕೋಟೆಯೆಲ್ಲಾ ಕೇಳೋ ಹಾಗೆ ಕೂಗಾಡ್ತಿದ್ರಿ" ಎಂದ ಹೆಂಡತಿ ಎರಡು ದಿನ ಮಾತು ಬಿಟ್ಟಳು. ರೆಡಿ ಇದ್ದ ಪಾರ್ಟಿ ಬರಲೇ ಇಲ್ಲ. ಎರಡು ತಿಂಗಳು ಇಲ್ಲಿ ಬಾಡಿಗೆ, ಅಲ್ಲಿ ಕಂತು, ಎರಡಕ್ಕೂ ನನ್ನ ಒಂದೇ ಸಂಬಳ. ಸುರೇಶನನ್ನು ಕೇಳಿದರೆ "ಮಾರ್ಕೆಟ್ ಸ್ವಲ್ಪ ಡಲ್ಲು ಮಾರಾಯ" ಎಂದ.

ಒಂದು ಭಾನುವಾರ ಗಾಳಿಯಾಡಲೆಂದು ಆ ಖಾಲಿ ಮನೆಯ ಕಿಟಕಿ ತೆಗೆಯಲು ಹೋಗಿದ್ದೆ. ಅಡುಗೆಮನೆಯ ಗೋಡೆಯ ಮೇಲೆ ಆ ಹುಡುಗಿ ಪೆನ್ಸಿಲಿನಲ್ಲಿ ಗಣಿತದ ಸೂತ್ರಗಳನ್ನು ಬರೆದುಕೊಂಡಿದ್ದಳು. ದೋಸೆ ಹುಯ್ಯುತ್ತಲೇ ಓದುತ್ತಿದ್ದಳೇನೋ. ಅಳಿಸೋಣವೆಂದು ಬಟ್ಟೆ ಒದ್ದೆ ಮಾಡಿಕೊಂಡವನು ಅದನ್ನು ಹಾಗೇ ಹಿಂಡಿ ಕಿಟಕಿಯ ಮೇಲೆ ಹರವಿದೆ. ನಿಜವಾಗಿ ನಾಚಿಕೆಯಾಯಿತು.

ಹುಡುಕಿಕೊಂಡು ಹೋದೆ. ಹಿಂದಿನ ಬೀದಿಯಲ್ಲೇ ಒಂದು ಕೋಣೆ ಹಿಡಿದಿದ್ದರು. ಸ್ಟೋವು, ಮಂಚ, ಪುಸ್ತಕ ಎಲ್ಲ ಅದರೊಳಗೇ. ಬಾಗಿಲಲ್ಲೇ ನಿಂತು, "ತಪ್ಪಾಯ್ತಮ್ಮ. ವಾಪಸ್ ಬನ್ನಿ, ಹಳೇ ಬಾಡಿಗೇನೇ ಸಾಕು" ಎಂದೆ.

ಸೆಲ್ವಿಯಮ್ಮ ಒಳಗೆ ಓದುತ್ತಿದ್ದ ಮಗಳನ್ನೊಮ್ಮೆ ನೋಡಿ, ದನಿ ತಗ್ಗಿಸಿದರು. "ಪರೀಕ್ಷೆ ಹೊತ್ನಲ್ಲಿ ಇನ್ನೊಂದ್ಸಾರಿ ಗಂಟುಮೂಟೆ ಕಟ್ಟಲ್ಲ ಸಾರ್. ಮುಗಿದ್ಮೇಲೆ ಬರ್ತೀವಿ. ಅಲ್ಲೀ ಗಂಟ ನೀವು ಕಾಯ್ತೀರಾ?"

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ಮುಗಿಯಲು ಮತ್ತೆ ಅರ್ಧ ತಿಂಗಳು. ಅಷ್ಟು ದಿನ ಮನೆ ಖಾಲಿ. ಸುರೇಶನ ಲೆಕ್ಕದಲ್ಲಿ ಇದು ಶುದ್ಧ ದಡ್ಡತನ.

"ಕಾಯ್ತೀನಮ್ಮ" ಎಂದೆ. ಮನೆ ಕೊಂಡು ವರ್ಷ ದಾಟಿದ ಮೇಲೆ, ಓನರ್ ಅನ್ನಿಸಿಕೊಂಡವನು ಆಡಬಹುದಾದಂಥ ಮಾತನ್ನು ನಾನು ಆಡಿದ್ದು ಅದೇ ಮೊದಲು.