ಚಕ್ಕಡಿಯ ಇನ್ನೊಂದು ತುದಿ

ಸವಣೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನೀಲಾಂಬಿಕಾ ಮೇಡಂಗೆ ಮಾತು ಕಡಿಮೆ, ಹಟ ಜಾಸ್ತಿ. ಐವತ್ತು ದಾಟಿದರೂ ಮದುವೆಯ ಗೋಜಿಗೆ ಹೋದವರಲ್ಲ. ಒಬ್ಬರೇ ಅಡುಗೆ, ಒಬ್ಬರೇ ಊಟ. ರೊಟ್ಟಿ ಮಾತ್ರ ಈಗಲೂ ಇಬ್ಬರಿಗಾಗುವಷ್ಟು ಬಡಿಯುತ್ತಾರೆ, ಕೈಯ ರೂಢಿ. ಎರಡನೆಯ ಪಾಲು ಸಮತಾಳದು. ಗಣಿತ ಕಲಿಸುತ್ತಿದ್ದ ಸಮತಾ ದಿನಾ ಮಧ್ಯಾಹ್ನ ಇವರ ಡಬ್ಬಿಗೇ ಕೈ ಹಾಕುತ್ತಿದ್ದಳು. ಅವಳು ಹಿರೇಕೆರೂರಿಗೆ ವರ್ಗ ಮಾಡಿಸಿಕೊಂಡು ಹೋಗಿ ವರ್ಷವಾಯಿತು. ಫೋನಿಲ್ಲ, ಸುದ್ದಿಯಿಲ್ಲ.

ಆದದ್ದಾದರೂ ಏನು? ಹಾನಗಲ್ಲಿನಲ್ಲಿ ಮೇಡಂ ಅವರ ತಮ್ಮನ ಮಗಳು ಅಂಕಿತಾಳ ಮದುವೆ. ಮೇಡಂ ಜೊತೆಗೆ ಕೆಲಸ ಮಾಡುವವರ ಮನೆಮನೆಗೂ ಹೋಗಿ ಕುಂಕುಮ ಹಚ್ಚಿ ಕರೆದರು. ಸಮತಾ ಬೌದ್ಧರ ಮನೆಯವಳು, ಕುಂಕುಮ ಹಚ್ಚಿ ಮುಜುಗರ ಮಾಡುವುದು ಬೇಡ, ಹೇಗೂ ನಮ್ಮವಳೇ ತಾನೇ ಎಂದು ಸ್ಟಾಫ್ ರೂಮಿನಲ್ಲೇ ಕಾರ್ಡು ಕೊಟ್ಟರು. ಅಯ್ಯೋ, ಎಂಥ ಜಾಣತನ! ಎಲ್ಲರ ಹೊಸ್ತಿಲು ತುಳಿದವರು ನನ್ನ ಹೊಸ್ತಿಲನ್ನಷ್ಟೇ ಬಿಟ್ಟರು ಎಂದು ಸಮತಾ ಮದುವೆಗೆ ಬರಲಿಲ್ಲ. ಬಾರದವಳೇ ಮೊದಲು ಕೈಬಿಟ್ಟಳು ಎಂದು ಮೇಡಂ ಮುಖ ತಿರುಗಿಸಿದರು.

ಈ ವರ್ಷವೂ ಸಾಪೇಕ್ಷತೆಯ ಪಾಠ ಬಂತು. ಓಡುವ ವಸ್ತುವಿನ ಉದ್ದ ಅಳೆಯಬೇಕೆಂದರೆ ಅದರ ಎರಡೂ ತುದಿಗಳನ್ನು ಒಂದೇ ಕ್ಷಣಕ್ಕೆ ಗುರುತಿಸಬೇಕು. ಅದನ್ನು ತೋರಿಸಲು ಪ್ರತಿ ಸಲ ಮೈದಾನದಲ್ಲಿ ಊರಿನ ರೈತ ಕುಬೇರಪ್ಪನ ಎತ್ತಿನ ಚಕ್ಕಡಿ ಓಡುತ್ತಿತ್ತು. ಮುಂತುದಿಗೆ ಮೇಡಂ, ಹಿಂತುದಿಗೆ ಸಮತಾ. ಶಿಳ್ಳೆ ಕೇಳಿದ ಕೂಡಲೇ ಇಬ್ಬರೂ ನೆಲಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಸಮತಾಳ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಲು ಮೇಡಂಗೆ ಮನಸ್ಸೇ ಬರಲಿಲ್ಲ. ಮುಂದಿನ ಗೆರೆ ಎಳೆದು, ಸೀರೆ ಎತ್ತಿ ಹಿಡಿದು, ಹಿಂದಿನ ಗೆರೆಗೂ ತಾವೇ ಓಡಿದರು. ಅಷ್ಟರಲ್ಲಿ ಚಕ್ಕಡಿ ಮುಂದೆ ಸರಿದಿತ್ತು.

"ಮೇಡಂ, ಚಕ್ಕಡಿ ಗಿಡ್ಡಾತ್ರೀ!" ಹುಡುಗರು ಬಿದ್ದು ಬಿದ್ದು ನಕ್ಕರು.

"ನಗಬ್ಯಾಡ್ರಿ. ಚಕ್ಕಡಿ ಬೆಳಕಿನ ವೇಗದ ಹತ್ರ ಹತ್ರ ಓಡಿದ್ರ, ಇಬ್ಬರು ಕೂಡೇ ಗೆರಿ ಎಳದ್ರೂ ಗಿಡ್ಡನ ಸಿಗ್ತೈತಿ," ಎಂದರು ಮೇಡಂ ಏದುಸಿರು ಬಿಡುತ್ತ. "ಆದ್ರ ಚಕ್ಕಡ್ಯಾಗ ಕುಂತಾಂವ ಒಪ್ಪಂಗಿಲ್ಲ. ನನ್ನ ಚಕ್ಕಡಿ ಇದ್ದಷ್ಟ ಐತಿ, ನೀವ ಮುಂದಿನ ಗೆರಿ ಮೊದಲು ಎಳದು ಹಿಂದಿಂದು ತಡಾ ಮಾಡೀರಿ ಅಂತಾನ."

"ಹಂಗಾರ ಖರೇ ಯಾರದ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು.

"ಅವರವರು ನಿಂತಲ್ಲಿಂದ ಇಬ್ಬರದೂ ಖರೇನ. ಯಾವುದು ಮೊದಲು ಅನ್ನೂದಕ್ಕ ಒಂದ ಉತ್ತರ ಇಲ್ಲ."

ಹೇಳಿದ ಮಾತು ಹೇಳಿದವರಿಗೇ ಚುಚ್ಚಿತು. ಅಂದು ಮಧ್ಯಾಹ್ನ ಮೇಡಂ ಡಬ್ಬಿ ಬಿಚ್ಚಲಿಲ್ಲ.

ರವಿವಾರ ಹಿರೇಕೆರೂರಿನ ಬಸ್ಸು ಹತ್ತಿದರು. ಬಾಗಿಲು ತೆರೆದ ಸಮತಾ, "ಬರ್ರಿ ಮೇಡಂ," ಎಂದಳು. ನೀಲಕ್ಕ ಎಂದು ಕರೆಯುತ್ತಿದ್ದ ಬಾಯಿ ಅದು.

"ಮನೀಗೆ ಬಂದು ಕರ್ಯಾಕತ್ತೇನಿ," ಎಂದರು ಹೊಸ್ತಿಲಲ್ಲೇ ನಿಂತು.

"ಯಾರ ಮದುವೀರಿ?"

"ಮದುವಿ ಅಲ್ಲ. ಚಕ್ಕಡಿ ಅಳ್ಯಾಕ. ಈ ಸಲ ಗಿಡ್ಡಾತು."

ಮೇಡಂ ಅವರ ಚಪ್ಪಲಿಗೆ ಇನ್ನೂ ಸುಣ್ಣ ಮೆತ್ತಿತ್ತು. ಸಮತಾ ಬಗ್ಗಿ ಅದನ್ನು ನೋಡಿದಳು.

"ಎರಡೂ ತುದಿಗೆ ನೀ ಒಬ್ಬಾಕೀನ ಓಡಿದಿಯೇನ, ನೀಲಕ್ಕ?"