ರೋಪ್‌ವೇ ಮಾಮನ ಕೀಲಿಕೈ
ಗಾಳಿ ಜೋರಾದಾಗ ಬೆಟ್ಟದ ರೋಪ್‌ವೇ ನಿಲ್ಲಿಸುವುದು ಮಾಮನ ಕೆಲಸ. ಬೈಸಿಕೊಳ್ಳುವುದೂ ಅದರಲ್ಲೇ ಸೇರಿದೆ. “ಎಲೆ ಅಲ್ಲಾಡಿದ್ರೂ ನಿಲ್ಲಿಸ್ತೀಯಲ್ಲೋ ಪುಕ್ಕಲ!” ಎಂದು ಪ್ರವಾಸಿಗರು ಮೈಮೇಲೆ ಬಿದ್ದರೆ, ಆಕಳಿಸುತ್ತಲೇ “ಬೆಟ್ಟ ಎಲ್ಲೂ ಓಡಿಹೋಗಲ್ಲ, ಕೂತ್ಕೊಳ್ಳಿ” ಎನ್ನುತ್ತಾನೆ. ಆಮೇಲೆ ಯಂತ್ರದ ಕೀಲಿಕೈ ತೆಗೆದು ಟಿಕೆಟ್ ಕೊಡುವ ಹುಡುಗಿಯ ಕೈಗಿಟ್ಟು, “ಗಾಳಿ ಇಳಿಯೋವರೆಗೂ ನಾನು ಕಾಲಿಗೆ ಬಿದ್ರೂ ಕೊಡ್ಬೇಡಮ್ಮ” ಎನ್ನುತ್ತಾನೆ. ಅವಳಿಗೆ ಅದೊಂದು ಹಳೆಯ ತಮಾಷೆ. ಇಂದೂ ಕೀಲಿಕೈ ಕೊಟ್ಟು ಕುಳಿತಿದ್ದಾಗ, ಬೆಟ್ಟದ ತುದಿಯಲ್ಲಿ ಚಹಾದಂಗಡಿ ನಡೆಸುವ ಹೆಂಡತಿಯ ಫೋನು ಬಂತು: “ರೀ, ಅಂಗಡಿ ತಗಡು ಹಾರಿಹೋಯ್ತು. ನನ್ನ ಕೆಳಗೆ ಕರೆಸ್ಕೊಳ್ರೀ!” “ಪಕ್ಕದ ಕಲ್ಲಿನ ಕೋಣೆ ಸೇರ್ಕೊ, ಕಿಟಕಿಯಿಂದ ದೂರ ಕೂತ್ಕೊ. ಬೆಟ್ಟ ಎಲ್ಲೂ ಓಡಿಹೋಗಲ್ಲ” ಎಂದ. ಫೋನಿಟ್ಟವನು ಹುಡುಗಿಯ ಮುಂದೆ ಕೈ ಚಾಚಿದ. ಅವಳು ನಗಲಿಲ್ಲ, ಕೀಲಿಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಳು.