ಅಕ್ಕೋರು ಮತ್ತು ಆಸ್ಪತ್ರೆಯ ಸರ್ವರ್

ಈಚೆಗೆ ಒಂದು ದಿನ ಯಾದಗಿರಿಯಲ್ಲಿ, ನಾನೀಗ ಕೆಲಸ ಮಾಡುವ ಕಡೆ, ಕರೆಂಟು ಹೋಗಿ ಬಂತು. ಕಂಪ್ಯೂಟರಿನ ಫ್ಯಾನು ತಿರುಗಿದ್ದೇ ತಡ, ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಜೊತೆಗೇ ಅಕ್ಕೋರು ನೆನಪಾದರು…

ಆಗ ನಾನು ಶಹಾಪುರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಮೊದಲು ಯಾವುದೋ ಶಾಲೆಯಲ್ಲಿ ಪಾಠ ಮಾಡಿದ್ದರಂತೆ. ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ, ವಾಚ್‌ಮನ್‌ನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಸುರಪುರದಲ್ಲಿ ತಮ್ಮನ ಮನೆಯಲ್ಲಿ ಅಪ್ಪ ಲಕ್ವಾ ಹೊಡೆದು ಮಲಗಿದ್ದರು. ಮಾತು ಪೂರ್ತಿ ನಿಂತಿತ್ತು. ಬೇರೆ ಯಾರು ಉಣಿಸಲು ಹೋದರೂ ಬಾಯಿ ಬಿಗಿಹಿಡಿಯುತ್ತಿದ್ದ ಅವರು, ಮಗಳು ಬಂದರೆ ಮಾತ್ರ ಒಂದಿಷ್ಟು ಗಂಜಿ ಕುಡಿಯುತ್ತಿದ್ದರು.

ನಾನು ತೆಗೆದ ಚಿತ್ರ ಸರ್ವರ್ ಎಂಬ ಮುಖ್ಯ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಡಾಕ್ಟರ ಪರದೆಗೆ ಬರಬೇಕು; ನನ್ನ ಯಂತ್ರಕ್ಕೆ ಬೇರೆ ಪರದೆ ಇರಲಿಲ್ಲ. ಒಂದು ಸಲ ಸಿಡಿಲಿಗೆ ಸರ್ವರಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಯಿತು. ಮ್ಯಾನೇಜರು ತರಿಸಿದ ಹೊಸ ಕಾರ್ಡನ್ನು ಸರ್ವರ್ ಗುರುತೇ ಹಿಡಿಯಲಿಲ್ಲ. ಕಾರ್ಡನ್ನು ಸರ್ವರಿಗೆ ಪರಿಚಯಿಸುವ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮನ್ನು ಅಕ್ಕೋರು ಬೇರೆಯಾಗಿ ತಯಾರಿಸಿ ಹಾಕಿದರು. ಆದರೆ ಕರೆಂಟು ಹೋಗಿ ಬಂದಾಗ ಸರ್ವರ್ ಚಾಲೂ ಆಗುತ್ತಿತ್ತೇ ಹೊರತು ಆ ಡ್ರೈವರ್ ತಾನಾಗಿ ಲೋಡ್ ಆಗುತ್ತಿರಲಿಲ್ಲ. ಪ್ರತಿ ಸಲ ಅವರೇ ಬಂದು ಕಮಾಂಡ್ ಹೊಡೆಯಬೇಕು. ಪಾಸ್‌ವರ್ಡ್ ಬೇರೆ ಯಾರಿಗೂ ಕೊಡಕೂಡದೆಂದು ಮ್ಯಾನೇಜರ ಅಪ್ಪಣೆ. ಯುಪಿಎಸ್ ಬ್ಯಾಟರಿಗಳೋ ಎಂದೋ ಸತ್ತಿದ್ದವು. ಸುರಪುರದ ಬಸ್ಸು ಹತ್ತಿ ಕೂತವರನ್ನು ಫೋನ್ ಮಾಡಿ ಇಳಿಸಿ ಕರೆಸಿದ್ದೂ ಉಂಟು.

ಕೊನೆಗೆ ಒಂದು ಮಧ್ಯಾಹ್ನ, ಸರ್ವರ್ ಬೂಟ್ ಆಗುವಾಗಲೇ ಆ ಡ್ರೈವರ್ ಲೋಡ್ ಆಗುವಂತೆ ಅವರು ವ್ಯವಸ್ಥೆ ಮಾಡಿದರು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ, ಯಾರೂ ಮುಟ್ಟದೆಯೇ ಡಾಕ್ಟರ ಪರದೆಯ ಮೇಲೆ ಯಾರದೋ ಮೊಣಕಾಲಿನ ಚಿತ್ರ ಮೂಡಿತು. ಅಕ್ಕೋರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

"ನಾ ಸುರಪುರಕ್ಕ ಹೋಗ್ತೀನ್ರಿ ಸರ. ಸಿಸ್ಟಮ್ ಅಪ್‌ಡೇಟ್ ಮಾತ್ರ ಯಾರಿಗೂ ಮಾಡಾಕ ಬಿಡಬ್ಯಾಡ್ರಿ. ಒಳಗಿನ ಕರ್ನೆಲ್, ಅಂದ್ರ ಸಿಸ್ಟಮ್‌ದ ತಿರುಳು, ಬದಲಾತಂದ್ರ ಈ ಡ್ರೈವರ್ ಅದಕ್ಕ ಹೊಂದಂಗಿಲ್ಲ," ಎಂದು ಮ್ಯಾನೇಜರಿಗೆ ಹೇಳಿದರು.

"ಆತ್ರಿ, ಬೇಫಿಕರ್ ಹೋಗ್ಬರ್ರಿ," ಎಂದರು ಅವರು.

ಆ ವಾರವೇ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಕಲಬುರಗಿಯಿಂದ ಒಬ್ಬ ಬಂದ. ಮ್ಯಾನೇಜರು ತಮ್ಮ ಹತ್ತಿರವಿದ್ದ ಪಾಸ್‌ವರ್ಡ್ ಕೊಟ್ಟರು. ಅವನು ಎಲ್ಲವನ್ನೂ ಅಪ್‌ಡೇಟ್ ಮಾಡಿ ಹೋದ. ಮುಂದಿನ ಸಲ ಕರೆಂಟು ಹೋಗಿ ಬಂದಾಗ ಎಲ್ಲರ ಪರದೆಯೂ ಖಾಲಿ.

ಅಕ್ಕೋರು ಅಪ್ಪನನ್ನು ಬಿಟ್ಟು ಬಂದರು. ಯಾರನ್ನೂ ಬೈಯಲಿಲ್ಲ. ಹೊಸ ಕರ್ನೆಲ್ಲಿಗೆ ಡ್ರೈವರನ್ನು ಮೊದಲಿನಿಂದ ತಯಾರಿಸಲು ಕೂತರು. ಅಷ್ಟರಲ್ಲಿ ಪಕ್ಕದ ಸಗರ ಊರಿನ ಕಡೆಯ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಓಡಿಬಂದಳು. ರಿಮೋಟಿನ ಗುಂಡು ಸೆಲ್ ನುಂಗಿದೆಯೆಂದು ಅವಳ ಅನುಮಾನ. ಕೂಸು ಜೊಲ್ಲು ಸುರಿಸುತ್ತಿತ್ತು, ಉಸಿರು ಸಿಳ್ಳು ಹೊಡೆದಂತೆ ಬರುತ್ತಿತ್ತು. ಎಕ್ಸ್-ರೇ ತೆಗೆದೆ. ನೋಡಲು ಪರದೆಯಲ್ಲಿ ಏನೂ ಇಲ್ಲ.

ಆಗಲೇ ಅಕ್ಕೋರ ಫೋನ್ ರಿಂಗಾಯಿತು. ತಮ್ಮನ ದನಿ ನನಗೂ ಕೇಳುತ್ತಿತ್ತು. "ಅಕ್ಕಾ, ಅಪ್ಪಗ ಉಸಿರು ಮ್ಯಾಲ ಮ್ಯಾಲ ಬರಾಕತ್ತದ. ಬಾಗಲಾ ನೋಡಾಕತ್ತಾನ. ಲಗೂ ಬಾ."

ಅವರು ಕೂಸಿನ ಕಡೆ ನೋಡಿದರು. "ಬಂದೆ, ತಮ್ಮಾ. ಇದೊಂದು ಮುಗಿಸಿ ಬಂದೆ," ಎಂದರು. ಮತ್ತೆ ಕೀಬೋರ್ಡಿನ ಮೇಲೆ ಕೈಯಿಟ್ಟರು.

ಚಿತ್ರ ಬಂತು. ಅನ್ನನಾಳದಲ್ಲಿ ಸಿಕ್ಕಿಕೊಂಡ ದುಂಡನೆಯ ಬಿಳಿ ಚುಕ್ಕೆ. ಡಾಕ್ಟರು ಕೂಸನ್ನು ಆಗಿಂದಾಗಲೇ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಅಕ್ಕೋರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಬಸ್‌ಸ್ಟ್ಯಾಂಡಿಗೆ ಓಡಿದರು. ಅವರು ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರಂತೆ, ಹಣೆಗೆ ವಿಭೂತಿ ಬಳಿದು.

ಮಣ್ಣು ಮುಗಿಸಿ ಬಂದ ಅಕ್ಕೋರು ಉಳಿದ ಕೆಲಸಕ್ಕೆ ಕೂತರು. ಕರ್ನೆಲ್ ಎಷ್ಟು ಸಲ ಬದಲಾದರೂ ಡ್ರೈವರ್ ತಾನೇ ಹೊಸದಾಗಿ ತಯಾರಾಗಿ, ತಾನೇ ಲೋಡ್ ಆಗುವಂತೆ ಮಾಡಿದರು. ಆಮೇಲೆ ಸರ್ವರ್ ಒಮ್ಮೆಯೂ ಕೈಕೊಡಲಿಲ್ಲ. ತಿಂಗಳು ಕಳೆಯುವುದರೊಳಗೆ ಮ್ಯಾನೇಜರು ಅವರನ್ನು ಕರೆದರು.

"ಈಗ ಎಲ್ಲಾ ತಾನ ನಡ್ಯಾಕತ್ತದಲ್ರಿ ಅಕ್ಕೋರ. ಇನ್ನ ನೀವು ದಿನಾ ಬರೂದೇನು ಬೇಕಾಗಿಲ್ರಿ."

ಅಕ್ಕೋರು "ಹೌದ್ರಿ" ಎಂದಷ್ಟೇ ಹೇಳಿ ಹೊರಗೆ ಬಂದರು. ನನ್ನ ಕೋಣೆಯ ಬಾಗಿಲಿಗೆ ಬಂದರು. "ಅಪ್ಪ ಬಾಗಲಾನ ನೋಡ್ಕೋತ ಹೋದ್ನಂತ, ತಮ್ಮಾ," ಎಂದರು.

ಹೋದ ಭಾನುವಾರ ಸುರಪುರಕ್ಕೆ ಹೋಗಿ ಅವರ ಮನೆ ಹುಡುಕಿದೆ. ಅವರ ತಮ್ಮ ಬಾಗಿಲು ತೆರೆದರು. ಅಕ್ಕೋರು ಹೋದ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಆಸ್ಪತ್ರೆ ಬಿಟ್ಟ ಮೇಲೆ ಎಲ್ಲಿಯೂ ಕೆಲಸಕ್ಕೆ ಹೋಗಲಿಲ್ಲವಂತೆ, ಕೊನೆಕೊನೆಗೆ ಮಾತೂ ಕಡಿಮೆಯಾಗಿತ್ತಂತೆ.

ನಾನು ಹೊರಡಲು ಎದ್ದಾಗ ಅವರ ತಮ್ಮ ಕೇಳಿದರು: "ನೀವು ಅಲ್ಲೇ ಇದ್ರಲ್ರಿ. ಅವತ್ತಿನ ಆ ಕೂಸು ಉಳೀತೇನ್ರಿ? ಅಕ್ಕ ಒಂದ ಸವನ ಅದನ್ನ ಕೇಳ್ತಿದ್ಳು."

ಕಲಬುರಗಿಗೆ ಹೋದ ಮೇಲೆ ಅದರ ಸುದ್ದಿ ನಮಗೆ ಯಾರೂ ತಿಳಿಸಲಿಲ್ಲ. ಶಹಾಪುರದ ಆ ಆಸ್ಪತ್ರೆಯೂ ಮುಚ್ಚಿಹೋಗಿದೆ, ಹೋಗಿ ಕೇಳಲು ಅಲ್ಲಿ ಯಾರೂ ಇಲ್ಲ.

"ಗೊತ್ತಿಲ್ರಿ," ಎಂದೆ.